ನಿಂತ ಗಾಡಿಯ ಬ್ಯಾಟರಿ

ಓಡಿ ಓಡಿ ಸವೆದ ಗಾಡಿಯನ್ನು ಕಂಡರೆ ಯಾರಿಗಾದರೂ ಗೌರವ ಹುಟ್ಟುತ್ತದೆ. ನಿಂತು ನಿಂತು ಕೆಟ್ಟ ಗಾಡಿಯನ್ನು ಕಂಡರೆ ಮಾತ್ರ ಏಕೋ ಸಂಕಟವಾಗುತ್ತದೆ. ಒಂದು ಭಾನುವಾರ ಬೆಳಿಗ್ಗೆ ನಮ್ಮ ಕಡೆಯ ಬಡಾವಣೆಗಳಲ್ಲಿ, ಅಂದರೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಅಡ್ಡರಸ್ತೆಗಳಲ್ಲಿ ಸುಮ್ಮನೆ ನಡೆದು ನೋಡಿ. ನಾಲ್ಕು ಮನೆಗೊಂದರಂತೆ ಗೇಟಿನೊಳಗೆ ಮುಸುಕು ಹೊದ್ದ ಕಾರೊಂದು ಮಲಗಿರುತ್ತದೆ. ಮುಸುಕಿನ ಮೇಲೆ ಹೊಂಗೆ ಎಲೆ, ಕಾಗೆಯ ಹಿಕ್ಕೆ. ಚಕ್ರದ ಪಕ್ಕದಲ್ಲಿ ಬೆಕ್ಕಿನ ಸಂಸಾರ. ಮಗ ಹೊರದೇಶದಲ್ಲಿರುತ್ತಾನೆ, ಅಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿರುತ್ತದೆ. 2015ರ ನವೆಂಬರಿನಲ್ಲಿ ವಿಜಯನಗರಕ್ಕೆ ಮೆಟ್ರೋ ಬಂತು, 2021ರ ಆಗಸ್ಟಿನಲ್ಲಿ ಅದೇ ರೈಲು ಕೆಂಗೇರಿ ಮುಟ್ಟಿತು. ಒಮ್ಮೆ ಹೊರಗೆ ತೆಗೆದರೆ ಮತ್ತೆ ನಿಲ್ಲಿಸಲು ಜಾಗ ಸಿಗುತ್ತದೆಂಬ ಭರವಸೆಯೂ ಇಲ್ಲ. ಹೀಗಿರುವಾಗ ಕಾರು ಯಾಕೆ ಓಡೀತು?

ಹೀಗೆ ನಿಂತ ಗಾಡಿಯಲ್ಲಿ ಮೊದಲು ಸಾಯುವುದು ಎಂಜಿನ್ನೂ ಅಲ್ಲ, ಟೈರೂ ಅಲ್ಲ, ಬ್ಯಾಟರಿ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ಮಾಡಿದವರು ಬ್ಯಾಟರಿಯನ್ನು ನೋಡಿರಲಾರರು. ಆದರೆ ಅದರ ಸ್ವಭಾವವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ. ಈ ವಿಷಯದಲ್ಲಿ ನನಗಿರುವ ತಿಳಿವಳಿಕೆಯೆಲ್ಲ ಒಂದೇ ಗಾಡಿಯಿಂದ ಬಂದದ್ದು. ಅದು ಬಸವೇಶ್ವರನಗರದಲ್ಲಿರುವ ನಮ್ಮ ಅಕ್ಕನ ಮನೆಯ ಕೆಂಪು ಕಾರು.

ಆ ಕಾರನ್ನು ಈಗಿನ ಹುಡುಗರು ನೋಡಿರುವುದು ಅಪರೂಪ. ಹೆಸರು ಸ್ಯಾನ್ ಸ್ಟಾರ್ಮ್. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಹೊರತಂದ ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು. ಕಟ್ಟುತ್ತಿದ್ದದ್ದು ಗೋವಾದಲ್ಲಿ. ಮೈ ಪೂರಾ ಫೈಬರ್ ಗ್ಲಾಸ್. ಒಳಗೆ ಫ್ರಾನ್ಸಿನ ರೆನೋ ಕಂಪನಿಯ 1149 ಸಿ.ಸಿ. ಎಂಜಿನ್. ಮೇಲೆ ಮಡಿಸಿ ಹಿಂದಕ್ಕೆ ಹಾಕುವ ಬಟ್ಟೆಯ ಚಾವಣಿ. ಫೆರಾರಿ, ಪೋರ್ಷೆಗಳ ಮುಂದೆ ನಿಲ್ಲಿಸಿದರೆ ಅದು ಆನೆಯ ಮುಂದಿನ ಅಳಿಲು. ಆದರೂ ಮಾರುತಿ, ಅಂಬಾಸಡರ್, ಪದ್ಮಿನಿಗಳೇ ತುಂಬಿದ್ದ ಅಂದಿನ ಬೆಂಗಳೂರಿನಲ್ಲಿ ಅದು ಹೋಗುತ್ತಿದ್ದರೆ ಬಸ್ ಸ್ಟಾಪಿನಲ್ಲಿದ್ದವರೆಲ್ಲ ಕತ್ತು ತಿರುಗಿಸುತ್ತಿದ್ದರು.

ಭಾವನಿಗೆ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸಣ್ಣದೊಂದು ಲೇತ್ ಕಾರ್ಖಾನೆಯಿತ್ತು. ಸಿನಿಮಾ ಇಲ್ಲ, ಕ್ಲಬ್ಬಿಲ್ಲ, ಸಿಗರೇಟಿಲ್ಲ. ಅಂಥ ಮನುಷ್ಯ 2000ದ ಜನವರಿಯಲ್ಲಿ ಯಾರಿಗೂ ಹೇಳದೆ ಈ ಕಾರನ್ನು ತಂದು ಮನೆಯ ಮುಂದೆ ನಿಲ್ಲಿಸಿದರು. "ಎರಡೇ ಸೀಟಲ್ಲ ಭಾವ, ಮಗನನ್ನು ಎಲ್ಲಿ ಕೂರಿಸ್ತೀರಿ?" ಎಂದು ನಾನು ಕೇಳಿದ್ದಕ್ಕೆ, "ಅವನು ಸ್ಕೂಟರ್ ಕಲೀತಾನೆ ಬಿಡಪ್ಪ. ಇದು ನನಗೆ, ನಿಮ್ಮಕ್ಕನಿಗೆ" ಎಂದು ನಕ್ಕಿದ್ದರು. ಭಾನುವಾರ ಬೆಳಿಗ್ಗೆ ಇಬ್ಬರೂ ಮೈಸೂರು ರಸ್ತೆ ಹಿಡಿದು ಮದ್ದೂರಿನ ತನಕ ಹೋಗಿ ವಡೆ ತಿಂದು ಬರುತ್ತಿದ್ದರು. ಅಕ್ಕ ತಲೆಗೆ ಸ್ಕಾರ್ಫ್ ಕಟ್ಟಿಕೊಳ್ಳುತ್ತಿದ್ದ ಏಕೈಕ ಸಂದರ್ಭ ಅದು.

ಭಾವ 2011ರಲ್ಲಿ ತೀರಿಕೊಂಡರು. ಕಾರ್ಖಾನೆ ಮಾರಿದ್ದಾಯಿತು, ಸಾಲ ತೀರಿಸಿದ್ದಾಯಿತು. ಕಾರು ಉಳಿಯಿತು. ಮಗ ಆಗಲೇ ಅಮೆರಿಕದಲ್ಲಿದ್ದ. ಅಕ್ಕನಿಗೆ ಡ್ರೈವಿಂಗ್ ಬಾರದು. ಕೀ ತಿರುಗಿಸಿ ಸ್ಟಾರ್ಟ್ ಮಾಡುವುದನ್ನೂ ಗೇರ್ ನ್ಯೂಟ್ರಲ್ಲಿನಲ್ಲಿದೆಯೇ ಎಂದು ಅಲ್ಲಾಡಿಸಿ ನೋಡುವುದನ್ನೂ ಮಾತ್ರ ಭಾವ ಯಾವತ್ತೋ ತಮಾಷೆಗೆ ಕಲಿಸಿದ್ದರು. ಅಷ್ಟನ್ನೇ ಹಿಡಿದುಕೊಂಡು ಅಕ್ಕ ಒಂದು ವ್ರತ ಆರಂಭಿಸಿದಳು. ಪ್ರತಿ ಭಾನುವಾರ ಸ್ನಾನ, ಪೂಜೆ ಮುಗಿಸಿ ಬಂದು ಮುಸುಕು ತೆಗೆಯುವುದು, ಸ್ಟಾರ್ಟ್ ಮಾಡುವುದು, ಐದು ನಿಮಿಷ ಒಳಗೆ ಕೂರುವುದು, ಆಫ್ ಮಾಡಿ ಮತ್ತೆ ಮುಸುಕು ಹಾಕುವುದು. ಯಾಕೆ ಎಂದು ನಾವ್ಯಾರೂ ಕೇಳಲಿಲ್ಲ. ಕೇಳಿದ್ದರೆ "ಬ್ಯಾಟರಿ ಕೆಡಬಾರದಲ್ಲ ಕಣೋ" ಎನ್ನುತ್ತಿದ್ದಳು. ಆ ಐದು ನಿಮಿಷ ಅವಳಿಗೆ ಬೇಕಾಗಿದ್ದದ್ದು ಬ್ಯಾಟರಿಗಾಗಿಯಲ್ಲ ಎಂಬುದು ನಮಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಇಷ್ಟು ನಿಷ್ಠೆಯಿಂದ ನೋಡಿಕೊಂಡರೂ ಬ್ಯಾಟರಿ ಕೆಟ್ಟಿತು. 2012ರಲ್ಲಿ ಒಂದು ಹೊಸದು ಬಂತು. ಅದು 2015ರ ಆಯುಧ ಪೂಜೆಯ ದಿನ ಕೈಕೊಟ್ಟಿತು. ಆಯುಧ ಪೂಜೆಯ ವಿಷಯ ನಿಮಗೆ ಹೇಳಬೇಕಾಗಿಲ್ಲ. ಗಾಡಿಗೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟ ಮೇಲೆ ಗಾಡಿ ಮುಂದಕ್ಕೆ ಹೋಗಲೇಬೇಕು. ಅಕ್ಕ ಕೀ ತಿರುಗಿಸಿದಳು. ಸೆಲ್ಫ್ ತೆಗೆದುಕೊಳ್ಳಲಿಲ್ಲ. 'ಟಕ್ ಟಕ್' ಎಂಬ ಸದ್ದು, ಆಮೇಲೆ ಮೌನ. ಕೊನೆಗೆ ಬೀದಿಯ ಹುಡುಗರೂ ನಾನೂ ಸೇರಿ ಗಾಡಿಯನ್ನು ಎರಡು ಅಡಿ ತಳ್ಳಿ ನಿಂಬೆಹಣ್ಣಿನ ಮಾನ ಉಳಿಸಿದೆವು. ಹುಡುಗರಿಗೆ ಖುಷಿಯೋ ಖುಷಿ. ಅಕ್ಕ ಮಾತ್ರ ಆ ದಿನ ಊಟ ಮಾಡಲಿಲ್ಲ.

ಮರುದಿನ ಮಾಗಡಿ ರಸ್ತೆಯಿಂದ ಬ್ಯಾಟರಿ ಅಂಗಡಿಯವರನ್ನು ಕರೆತಂದೆವು. ಅರವತ್ತರ ಹತ್ತಿರದ, ಮಾತು ಕಡಿಮೆಯ ಮನುಷ್ಯ. ಶರಟಿನ ತುಂಬ ಆಸಿಡ್ ಹಾರಿ ಸುಟ್ಟ ಸಣ್ಣ ಸಣ್ಣ ತೂತುಗಳು. ಅವರು ಮೀಟರಿನ ಎರಡು ಕಡ್ಡಿಗಳನ್ನು ಟರ್ಮಿನಲ್ಲಿಗೆ ಇಟ್ಟು ನೋಡಿ, ಅಕ್ಕನ ಭಾನುವಾರದ ವ್ರತವನ್ನೆಲ್ಲ ಕೇಳಿಸಿಕೊಂಡು, "ಅಮ್ಮಾ, ನೀವು ವಾರಕ್ಕೊಂದು ಚಮಚ ಹಾಕ್ತಾ ಇದ್ದೀರಿ, ಗಾಡಿ ವಾರಕ್ಕೊಂದು ಲೋಟ ಕುಡೀತಾ ಇದೆ" ಎಂದರು. ಆಮೇಲೆ ಕಾರಿನ ಬಾನೆಟ್ಟಿನ ಮೇಲೆ ಬಿದ್ದಿದ್ದ ಧೂಳಿನಲ್ಲೇ ಬೆರಳಿನಿಂದ ಲೆಕ್ಕ ಬರೆದು ತೋರಿಸಿದರು. ಆ ಲೆಕ್ಕವನ್ನು ನಿಮಗೂ ಹೇಳುತ್ತೇನೆ, ಮನೆಯಲ್ಲಿ ನಿಂತ ಗಾಡಿ ಇದ್ದವರಿಗೆ ಉಪಯೋಗಕ್ಕೆ ಬಂದೀತು.

ಸಣ್ಣ ಕಾರಿನ ಬ್ಯಾಟರಿಯೊಂದು 35 ಆಂಪಿಯರ್-ಅವರ್ ಅಳತೆಯದು ಎಂದುಕೊಳ್ಳಿ. ಒಂದು ಆಂಪಿಯರ್ ಕರೆಂಟನ್ನು 35 ಗಂಟೆ ಕೊಡಬಲ್ಲದು ಎಂದು ಸ್ಥೂಲವಾಗಿ ಅರ್ಥ. ಕೀ ತಿರುಗಿಸಿದಾಗ ಸ್ಟಾರ್ಟರ್ ಮೋಟಾರು ಭಾರಿ ಕರೆಂಟನ್ನೇ ಎಳೆಯುತ್ತದೆ, ನೂರೈವತ್ತು ಆಂಪಿಯರ್ ಎನ್ನೋಣ. ಆದರೆ ಎಳೆಯುವುದು ಮೂರೇ ಸೆಕೆಂಡು. ಗುಣಿಸಿ ನೋಡಿದರೆ ಖರ್ಚಾದದ್ದು ಒಂದು ಆಂಪಿಯರ್-ಅವರಿನ ಎಂಟನೇ ಒಂದು ಪಾಲು. ಕಾರನ್ನು ಸ್ಟಾರ್ಟ್ ಮಾಡುವುದೇ ಬ್ಯಾಟರಿಗೆ ದೊಡ್ಡ ಹೊಡೆತ ಎಂದು ನಾವೆಲ್ಲ ನಂಬಿದ್ದೇವೆ. ನಿಜವಾದ ಕಳ್ಳ ಬೇರೆ ಇದ್ದಾನೆ. ಗಾಡಿ ಆಫ್ ಆಗಿದ್ದಾಗಲೂ ಒಳಗೆ ಗಡಿಯಾರ ನಡೆಯುತ್ತಿರುತ್ತದೆ, ಸ್ಟೀರಿಯೋ ತನ್ನ ಸ್ಟೇಷನ್ನುಗಳನ್ನು ನೆನಪಿಟ್ಟುಕೊಂಡಿರುತ್ತದೆ, ಕಳ್ಳರನ್ನು ಹೆದರಿಸಲು ಹಾಕಿಸಿದ ಅಲಾರಂ ಕಣ್ಣು ಮಿಟುಕಿಸುತ್ತಿರುತ್ತದೆ. ಎಲ್ಲ ಸೇರಿ ಎಳೆಯುವುದು ಬರೀ 30 ಮಿಲಿಆಂಪಿಯರ್ ಇರಬಹುದು. ಆದರೆ ಅದು ಹಗಲೂ ರಾತ್ರಿ ಎಳೆಯುತ್ತದೆ. ದಿನಕ್ಕೆ ಮುಕ್ಕಾಲು ಆಂಪಿಯರ್-ಅವರಿಗೆ ಒಂದಿಷ್ಟು ಕಡಿಮೆ, ವಾರಕ್ಕೆ ಐದು. ಇಪ್ಪತ್ತೈದು ದಿನ ಹೀಗೆ ಸೋರಿದರೆ ಅರ್ಧ ಬ್ಯಾಟರಿ ಖಾಲಿ. ಇನ್ನು ಭಾನುವಾರದ ಐದು ನಿಮಿಷದಲ್ಲಿ, ಎಂಜಿನ್ ನಿಧಾನಕ್ಕೆ ಗುರುಗುಡುತ್ತ ನಿಂತಲ್ಲೇ ಇದ್ದಾಗ, ಒಂದು ಆಂಪಿಯರ್-ಅವರ್ ಮರಳಿ ಬಂದರೆ ಅದೇ ಪುಣ್ಯ. ಐದು ಹೋಗಿ ಒಂದು ಬಂದರೆ ಯಾವ ಮನೆ ಉದ್ಧಾರವಾದೀತು?

ನಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. ಬ್ಯಾಟರಿಯೊಳಗೆ ಆರು ಮನೆಗಳು. ಒಂದೊಂದು ಮನೆಯಲ್ಲೂ ಸೀಸದ ಪ್ಲೇಟುಗಳು, ಅವುಗಳ ನಡುವೆ ನೀರು ಬೆರೆಸಿದ ಗಂಧಕಾಮ್ಲ. ಒಂದೊಂದು ಮನೆ ಎರಡು ವೋಲ್ಟಿಗಿಂತ ಚೂರು ಹೆಚ್ಚು ಕೊಡುತ್ತದೆ, ಆರೂ ಸೇರಿ ಹನ್ನೆರಡು ಚಿಲ್ಲರೆ. 1859ರಲ್ಲಿ ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ ಮಾಡಿ ತೋರಿಸಿದ ವಿದ್ಯೆ ಇದು. ಇಂದಿಗೂ ಮೂಲದಲ್ಲಿ ಹಾಗೆಯೇ ಇದೆ. ಕರೆಂಟು ಖರ್ಚಾಗುತ್ತ ಹೋದಂತೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟು ಕೂರುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಕರಗಿ ಹೋಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಆ ಜಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಅಡುಗೆಯಾದ ಕೂಡಲೇ ಪಾತ್ರೆ ತೊಳೆಯುವುದಕ್ಕೂ ವಾರ ಬಿಟ್ಟು ತೊಳೆಯುವುದಕ್ಕೂ ಇರುವ ವ್ಯತ್ಯಾಸ ಎಂದು ಅಕ್ಕ ತನ್ನಷ್ಟಕ್ಕೆ ಅರ್ಥ ಮಾಡಿಕೊಂಡಳು.

ಇನ್ನು ಚಳಿ ಎಂಜಿನ್ನನ್ನು ಐದು ನಿಮಿಷ ಮಾತ್ರ ಓಡಿಸಿ ಆರಿಸಿದರೆ ಸೈಲೆನ್ಸರಿನೊಳಗೆ ನೀರಿನ ಪಸೆ ಹಾಗೇ ಉಳಿದು ತುಕ್ಕು ಹಿಡಿಸುತ್ತದೆ, ಎಂಜಿನ್ ಆಯಿಲ್ಲಿಗೂ ಒಳ್ಳೆಯದಲ್ಲ. ಅಂದರೆ ಭಾನುವಾರದ ವ್ರತದಿಂದ ಯಾವ ಅಂಗಕ್ಕೂ ಹಿತವಾಗುತ್ತಿರಲಿಲ್ಲ. ಅಂಗಡಿಯವರು ಇದನ್ನು ಹೇಳುವಾಗ ನಾನು ಅಕ್ಕನ ಮುಖ ನೋಡುತ್ತಿದ್ದೆ. ನಾಲ್ಕು ವರ್ಷ ಒಂದು ದಿನವೂ ತಪ್ಪಿಸದೆ ಮಾಡಿದ ಸೇವೆಯನ್ನು ಒಂದು ಮೀಟರು ಸುಳ್ಳು ಮಾಡಿದಾಗ ಮನುಷ್ಯರ ಮುಖ ಹೇಗಿರುತ್ತದೋ ಹಾಗಿತ್ತು. ಅಂಗಡಿಯವರಿಗೂ ಅದು ತಿಳಿದಿರಬೇಕು. ದನಿ ತಗ್ಗಿಸಿ, "ಸ್ಟಾರ್ಟ್ ಮಾಡಬೇಡಿ ಅಂತಲ್ಲಮ್ಮ. ಮಾಡಿದ್ಮೇಲೆ ಓಡಿಸಬೇಕು. ಓಡಿಸೋಕೆ ಆಗ್ದಿದ್ರೆ ಮೈನಸ್ ಕಡೆ ತಂತಿ ಬಿಚ್ಚಿಡಿ, ಸೋರೋದು ನಿಲ್ಲುತ್ತೆ" ಎಂದರು.

ಬ್ಯಾಟರಿ ಬದಲಾಯಿಸುವುದನ್ನು ನಾನು ಅವತ್ತೇ ಗಮನವಿಟ್ಟು ನೋಡಿದ್ದು. ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಹಾಕುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಕಾರಿನ ಲೋಹವೆಲ್ಲ ಮೈನಸ್ಸಿಗೆ ಸೇರಿದ್ದು. ಮೈನಸ್ ಬಿಚ್ಚದೆ ಪ್ಲಸ್ಸಿಗೆ ಸ್ಪಾನರ್ ಹಾಕಿ, ಆ ಸ್ಪಾನರ್ ಜಾರಿ ಲೋಹಕ್ಕೆ ತಗುಲಿದರೆ ಬೆಂಕಿಯ ಕಿಡಿ ಹಾರುತ್ತದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಹೊರಬರುತ್ತಿರುತ್ತದೆ, ಅದಕ್ಕೆ ಒಂದು ಕಿಡಿ ಸಾಕು. ಆದ್ದರಿಂದಲೇ ಬ್ಯಾಟರಿಯ ಹತ್ತಿರ ಬೀಡಿ, ಸಿಗರೇಟು ಸಲ್ಲದು. ಬೇರೆ ಗಾಡಿಯಿಂದ ವೈರ್ ಎಳೆದು ಜಂಪ್ ಸ್ಟಾರ್ಟ್ ಮಾಡುವಾಗಲೂ ಕೊನೆಯ ಕ್ಲಿಪ್ಪನ್ನು ಸತ್ತ ಬ್ಯಾಟರಿಗೆ ಹಾಕದೆ, ದೂರದಲ್ಲಿರುವ ಎಂಜಿನ್ನಿನ ಲೋಹಕ್ಕೆ ಹಾಕುವುದು ಇದೇ ಕಾರಣಕ್ಕೆ. ಹೊಸ ಬ್ಯಾಟರಿ ಕೊಳ್ಳುವಾಗ ಅಳತೆಯ ಜೊತೆಗೆ ಪ್ಲಸ್ ಯಾವ ಕಡೆಗಿದೆ ಎಂಬುದನ್ನೂ ನೋಡಬೇಕು, ಇಲ್ಲದಿದ್ದರೆ ತಂತಿ ಎಟುಕುವುದಿಲ್ಲ. ತಯಾರಾದ ತಿಂಗಳನ್ನು ನೋಡುವುದೂ ಅಷ್ಟೇ ಮುಖ್ಯ. ಅಂಗಡಿಯ ಕಪಾಟಿನಲ್ಲಿ ಕೂತ ಬ್ಯಾಟರಿಯೂ ನಿಂತ ಗಾಡಿಯ ಬ್ಯಾಟರಿಯಂತೆ ಸುಮ್ಮನೆ ಮುದಿಯಾಗುತ್ತಿರುತ್ತದೆ. ಟರ್ಮಿನಲ್ಲಿನ ಮೇಲೆ ಬೂಷ್ಟಿನಂತೆ ಕಟ್ಟುವ ಪುಡಿಯನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಒರೆಸಿ, ತೆಳ್ಳಗೆ ವ್ಯಾಸಲೀನ್ ಸವರಿದರೆ ಮುಗಿಯಿತು. ನೀರು ಹಾಕುವ ಜಾತಿಯ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಕಾವೇರಿಯೂ ಬೇಡ, ಬೋರ್‌ವೆಲ್ಲೂ ಬೇಡ.

ಆಮೇಲಿನ ನಾಲ್ಕೂವರೆ ವರ್ಷ ಅಕ್ಕ ಅವರು ಹೇಳಿದಂತೆಯೇ ನಡೆದಳು. ಭಾನುವಾರ ತಂತಿ ಸಿಕ್ಕಿಸಿ, ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಕೂತು, ಮತ್ತೆ ತಂತಿ ಬಿಚ್ಚುವುದು. ನಡುನಡುವೆ ನಮ್ಮ ಪರಿಚಯದ ಹುಡುಗನೊಬ್ಬ ಬಂದು ಚೋರ್ಡ್ ರಸ್ತೆಯ ತನಕ ಒಂದು ಸುತ್ತು ಹಾಕಿಸುತ್ತಿದ್ದ. ಕಾರಿಗೆ ಹದಿನೈದು ವರ್ಷ ತುಂಬಿದಾಗ ರಾಜಾಜಿನಗರದ ಆರ್.ಟಿ.ಓ. ಕಚೇರಿಯಲ್ಲಿ ಐದು ವರ್ಷಕ್ಕೆ ಆರ್.ಸಿ. ನವೀಕರಣವೂ ಆಗಿತ್ತು, ಹಸಿರು ತೆರಿಗೆಯೂ ಕಟ್ಟಿದ್ದಾಗಿತ್ತು. 2020ರ ಜನವರಿಯಲ್ಲಿ ಮತ್ತೊಮ್ಮೆ ನವೀಕರಣ. ಅದಾದ ಎರಡು ತಿಂಗಳಿಗೆ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು.

ಮಾರ್ಚ್ 25ರಿಂದ ಲಾಕ್‌ಡೌನ್. ಅದಕ್ಕೆ ಎರಡು ದಿನ ಮೊದಲೇ ಅಕ್ಕನನ್ನು ವಿಜಯನಗರದ ನಮ್ಮ ಮನೆಗೆ ಕರೆತಂದಿದ್ದೆ. ಗಡಿಬಿಡಿಯಲ್ಲಿ ಹೊರಟ ಮನೆಯಲ್ಲಿ ಕಾರಿನ ತಂತಿ ಬಿಚ್ಚುವವರು ಯಾರೂ ಇರಲಿಲ್ಲ. ಜೂನ್‌ನಲ್ಲಿ ವಾಪಸು ಹೋಗಿ ನೋಡಿದಾಗ ಮೀಟರು ಒಂಬತ್ತು ವೋಲ್ಟೂ ತೋರಿಸಲಿಲ್ಲ. ಆ ತಿಂಗಳು ಬೆಂಗಳೂರಿನ ಬ್ಯಾಟರಿ ಅಂಗಡಿಗಳ ಮುಂದೆ ನಿಂತವರಿಗೆ ಗೊತ್ತು, ಆ ಗತಿ ಅಕ್ಕನ ಕಾರಿಗೊಂದಕ್ಕೇ ಬಂದಿರಲಿಲ್ಲ. ಊರಿಗೆ ಊರೇ ಅಕ್ಕನ ಕಾರಾಗಿತ್ತು.

ಅವತ್ತು ರಾತ್ರಿ ಅಮೆರಿಕದಿಂದ ಮಗ ಫೋನ್ ಮಾಡಿದ. "ಅಮ್ಮ, ಸಾಕು, ಮಾರಿಬಿಡು. ಓಡಿಸದ ಕಾರಿಗೆ ಇನ್ನೆಷ್ಟು ಬ್ಯಾಟರಿ ಹಾಕ್ತೀಯ?" ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹಳೆಯ ಕಾರು ಕೂಡಿಡುವ ಹವ್ಯಾಸದವರೊಬ್ಬರು ಎರಡು ಸಲ ಬಂದು ನೋಡಿ ಹೋಗಿದ್ದರು. ಒಳ್ಳೆಯ ಬೆಲೆಯನ್ನೇ ಹೇಳಿದ್ದರು. "ನಮ್ಮಲ್ಲಿ ಗಾಜಿನ ಹಿಂದೆ ಚೆನ್ನಾಗಿ ಇರುತ್ತೆ ಮೇಡಂ" ಎಂದಿದ್ದರು. ಧರ್ಮಸ್ಥಳದ ಕಾರುಗಳ ಸಂಗ್ರಹವನ್ನು ಅಕ್ಕ ನೋಡಿ ಬಂದವಳು. ಅಲ್ಲಿ ಹಳೆಯ ಗಾಡಿಗಳನ್ನು ಎಷ್ಟು ಅಚ್ಚುಕಟ್ಟಾಗಿ ಇಟ್ಟಿದ್ದಾರೆಂದು ವರ್ಷಗಟ್ಟಲೆ ಹೊಗಳಿದವಳು. ಆದರೂ ತನ್ನ ಕಾರು ಗಾಜಿನ ಹಿಂದೆ ಹೋಗುವ ಮಾತು ಬಂದಾಗ ಒಳಗೆ ಎದ್ದು ಹೋದಳು.

ಮೂರು ನಾಲ್ಕು ವರ್ಷಕ್ಕೊಮ್ಮೆ ಬ್ಯಾಟರಿ ಸಾಯುವುದೆಂದರೆ ಬರೀ ದುಡ್ಡಿನ ಲೆಕ್ಕವಾಗಿರಲಿಲ್ಲ. ಹಳೆಯ ಬ್ಯಾಟರಿ ಇರುವ ತನಕ ಕಾರು ತನ್ನಷ್ಟಕ್ಕೆ ಮನೆಯಲ್ಲಿರುತ್ತದೆ. ಹೊಸದು ತರಬೇಕಾದ ದಿನ ಮಾತ್ರ, ಈ ಕಾರು ಯಾಕೆ ಇರಬೇಕು ಎಂಬ ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಕೊಡಬೇಕಾಗುತ್ತದೆ. 2012ರಲ್ಲಿ ಯಾರೂ ಕೇಳಲಿಲ್ಲ. 2015ರಲ್ಲಿ ಮೆಲ್ಲಗೆ ಕೇಳಿದರು. 2020ರಲ್ಲಿ ಎಲ್ಲರೂ ಕೇಳಿದರು, ನನ್ನ ಹೆಂಡತಿಯೂ ಸೇರಿ.

ಉತ್ತರ ಕೊಟ್ಟವರು ಬ್ಯಾಟರಿ ಅಂಗಡಿಯವರು. ಮುಖಕ್ಕೆ ಮಾಸ್ಕ್ ಹಾಕಿಕೊಂಡು ಹೊಸ ಬ್ಯಾಟರಿ ಹೊತ್ತು ತಂದವರು, ಅದನ್ನು ಕೆಳಗಿಟ್ಟು ಹೇಳಿದರು: "ಅಮ್ಮಾ, ನಾನು ಎಷ್ಟು ಬ್ಯಾಟರಿ ಬೇಕಾದ್ರೂ ಮಾರ್ತೀನಿ, ನನಗೇನು ನಷ್ಟ? ಆದ್ರೆ ಈ ಗಾಡಿಗೆ ಬೇಕಾಗಿರೋದು ಬ್ಯಾಟರಿ ಅಲ್ಲ, ಡ್ರೈವರ್ರು."

ಡ್ರೈವರನ್ನು ಇಟ್ಟುಕೊಳ್ಳಬಹುದಲ್ಲ ಎಂದೆ. ಅಕ್ಕ ನನ್ನನ್ನೇ ದಿಟ್ಟಿಸಿ, "ಎರಡು ಸೀಟಿನ ಕಾರಲ್ಲಿ ಅವರ ಜಾಗದಲ್ಲಿ ಯಾವನನ್ನೋ ಕೂರಿಸಿ ಪಕ್ಕದಲ್ಲಿ ನಾನು ಕೂರಬೇಕೇನೋ?" ಎಂದಳು. ನಾನು ಸುಮ್ಮನಾದೆ. ಡ್ರೈವಿಂಗ್ ಸ್ಕೂಲುಗಳು ಮತ್ತೆ ತೆರೆದು, ಕಾಯಿಲೆಯ ಭಯ ಒಂದಿಷ್ಟು ತಗ್ಗಿದ ಮೇಲೆ, 2021ರ ಜನವರಿಯಲ್ಲಿ ಅಕ್ಕ ಎಲ್.ಎಲ್.ಆರ್.ಗೆ ಅರ್ಜಿ ಹಾಕಿದಳು. ಆಗ ಅವಳ ವಯಸ್ಸು ಅರವತ್ತೆರಡು.

ಮನೆಯಲ್ಲಿ ಯಾರಿಗೂ ಇದು ಹಿಡಿಸಲಿಲ್ಲ. ಸೊಂಟ ನೋವು, ಬಿ.ಪಿ. ಮಾತ್ರೆ, ಬೆಂಗಳೂರಿನ ಟ್ರಾಫಿಕ್ಕು, ಹೇಳಲು ಕಾರಣಗಳಿಗೇನು ಬರ? ನನಗಂತೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಸ್ಕೂಲಿನ ಹುಡುಗ ಇಬ್ಬರಿಗೂ ಬ್ರೇಕ್ ಇರುವ ಸಣ್ಣ ಮಾರುತಿಯಲ್ಲಿ ಅವಳನ್ನು ಕೂರಿಸಿಕೊಂಡು ಬೆಳಿಗ್ಗೆ ಆರು ಗಂಟೆಗೆ ನಾಗರಭಾವಿಯ ಕಡೆ ಹೊರಡುತ್ತಿದ್ದ. ಹದಿನೈದು ದಿನದ ಕೋರ್ಸನ್ನು ಅಕ್ಕ ಮೂರು ಸಲ ಕಲಿತಳು. ಎಂಟರ ಆಕಾರ ತಿರುಗಿಸುವುದು ಬಂತು, ಹಿಂದಕ್ಕೆ ತೆಗೆಯುವುದು ತಡವಾಗಿ ಬಂತು. ಕೊನೆಗೆ ಲೈಸೆನ್ಸ್ ಬಂತು. ಐವತ್ತೈದು ದಾಟಿದವರಿಗೆ ಲೈಸೆನ್ಸ್ ಕೊಡುವುದು ಒಂದು ಸಲಕ್ಕೆ ಐದೇ ವರ್ಷಕ್ಕೆ. "ನನಗೂ ಐದು ವರ್ಷ, ಕಾರಿಗೂ ಐದು ವರ್ಷ, ಸರಿಹೋಯ್ತು ಬಿಡು" ಎಂದು ಅಕ್ಕ ನಕ್ಕಳು. ಬಹಳ ವರ್ಷಗಳ ನಂತರ ಅವಳು ಹಾಗೆ ನಕ್ಕದ್ದನ್ನು ನೋಡಿದ್ದು.

ಇದನ್ನೆಲ್ಲ ನೋಡುವಾಗ ನನಗೊಂದು ಹಳೆಯ ಸಂಗತಿ ನೆನಪಾಗುತ್ತದೆ. ಮೊದಮೊದಲ ಮೋಟಾರುಗಳನ್ನು ಮುಂದುಗಡೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿ ಸ್ಟಾರ್ಟ್ ಮಾಡಬೇಕಿತ್ತು. ನಮ್ಮ ಅಂಬಾಸಡರಿನ ಕಾಲದ ಹಿರಿಯರಿಗೂ ಆ ಹ್ಯಾಂಡಲ್ ಗೊತ್ತು. ಹ್ಯಾಂಡಲ್ ಹಿಂದಕ್ಕೆ ಒದ್ದು ಮಣಿಕಟ್ಟು ಮುರಿದುಕೊಂಡವರು ಅಂದು ಬೇಕಾದಷ್ಟು ಮಂದಿ. 1912ರಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿಗೆ ಬಂತು. ಆ ದೇಶದಲ್ಲಿ ಹೆಂಗಸರು ಯಾರ ಹಂಗೂ ಇಲ್ಲದೆ ಕಾರು ಹೊರಗೆ ತೆಗೆಯಲು ಅದರಿಂದ ಅನುಕೂಲವಾಯಿತು. ಮೂಲೆಯಲ್ಲಿ ಕೂತ ಆ ಕಪ್ಪು ಪೆಟ್ಟಿಗೆಗೆ ಇಂಥ ಚರಿತ್ರೆಯೂ ಇದೆ.

ಈಗ ಅಕ್ಕನ ಭಾನುವಾರ ಹೀಗಿದೆ. ಬೆಳಿಗ್ಗೆ ಆರೂವರೆಗೆ ಮುಸುಕು ತೆಗೆಯುತ್ತಾಳೆ. ತಂತಿ ಬಿಚ್ಚಿ ಹಾಕುವ ರಗಳೆ ಬೇಡವೆಂದು ಅಂಗಡಿಯವರು ಒಂದು ಕಟಾಫ್ ಸ್ವಿಚ್ ಕೂರಿಸಿಕೊಟ್ಟಿದ್ದಾರೆ, ಅದನ್ನು ತಿರುಗಿಸುತ್ತಾಳೆ. ಹೊರವರ್ತುಲ ರಸ್ತೆಯಲ್ಲಿ ನಾಗರಭಾವಿ ದಾಟಿ, ನಾಯಂಡಹಳ್ಳಿಯಲ್ಲಿ ಮೈಸೂರು ರಸ್ತೆಗೆ ತಿರುಗಿ, ವೃಷಭಾವತಿಯ ವಾಸನೆಗೆ ಮೂಗು ಮುಚ್ಚಿಕೊಳ್ಳಲೂ ಕೈ ಬಿಡುವಿಲ್ಲದೆ, ರಾಜರಾಜೇಶ್ವರಿನಗರದ ಕಮಾನು ಹಿಂದೆ ಹಾಕಿ, ಕೆಂಗೇರಿ ಮುಟ್ಟುತ್ತಾಳೆ. ಅಲ್ಲೊಂದು ಕಾಫಿ. ಅಲ್ಲಿಂದಲೇ ವಾಪಸು. ಹೋಗಿ ಬರುವುದು ಇಪ್ಪತ್ತೈದು ಕಿಲೋಮೀಟರ್ ಆಸುಪಾಸು, ಒಂದು ಗಂಟೆ. ವಾರವಿಡೀ ಸೋರಿದ್ದನ್ನು ತುಂಬಲು ಅಷ್ಟು ಸಾಕು. ಕೆಂಗೇರಿಯಿಂದಾಚೆ 2023ರಲ್ಲಿ ತೆರೆದ ಹೊಸ ಹೆದ್ದಾರಿಯಲ್ಲಿ ದೊಡ್ಡ ಗಾಡಿಗಳು ಸುಯ್ಯೆಂದು ಹೋಗುವುದನ್ನು ಕಾಫಿ ಕುಡಿಯುತ್ತ ನೋಡುತ್ತಾಳೆ. ಮದ್ದೂರಿನ ತನಕ ಹೋಗೋಣವೇ ಎಂದು ಒಮ್ಮೆ ಪಕ್ಕದಲ್ಲಿ ಕೂತಿದ್ದ ನಾನೇ ಕೇಳಿದೆ. "ನನಗೆಷ್ಟು ಬರುತ್ತೋ ಅಷ್ಟು ಸಾಕು" ಎಂದಳು.

ಸೋಮವಾರ ಬೆಳಿಗ್ಗೆ ಮೀಟರ್ ಹಿಡಿದು ಅಳೆಯುತ್ತಾಳೆ. ಓಡಿಸಿ ಬಂದ ಕೂಡಲೇ ಅಳೆದರೆ ಮೀಟರು ಇಲ್ಲದ ಬಡಿವಾರ ತೋರಿಸುತ್ತದೆ, ಒಂದು ರಾತ್ರಿ ಸುಮ್ಮನೆ ಬಿಟ್ಟು ಅಳೆದರೆ ನಿಜ ತಿಳಿಯುತ್ತದೆ. 12.6 ಇದ್ದರೆ ಹೊಟ್ಟೆ ತುಂಬಿದೆ ಎಂದು ಅರ್ಥ. 12.2ಕ್ಕೆ ಬಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗಿಳಿದರೆ ತಡಮಾಡದೆ ಚಾರ್ಜಿಗೆ ಹಾಕಬೇಕು. ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ತಾರೀಖಿನ ಎದುರು ಈ ಅಂಕಿಗಳ ಒಂದು ಕಾಲಂ ಇದೆ. ಮಳೆ ಹಿಡಿದ ವಾರ, ಮೊಣಕಾಲು ನೋವಿನ ವಾರ, ಮಗ ಬಂದಿದ್ದ ವಾರ, ಎಲ್ಲವೂ ಆ ಅಂಕಿಗಳಲ್ಲಿ ಗೊತ್ತಾಗುತ್ತದೆ.

ಓಡಿಸಲಾಗದ ವಾರಗಳಿಗೆಂದು ಮಗ ಒಂದು ಚಾರ್ಜರ್ ಕಳಿಸಿದ್ದಾನೆ. ಗೋಡೆಗೆ ಸಿಕ್ಕಿಸಿಬಿಟ್ಟರೆ ಬ್ಯಾಟರಿ ತುಂಬುವ ತನಕ ತುಂಬಿ, ಆಮೇಲೆ 13 ವೋಲ್ಟಿನ ಆಸುಪಾಸಿನಲ್ಲಿ ಮೆಲ್ಲಗೆ ಹಿಡಿದು ನಿಲ್ಲಿಸುತ್ತದೆ. ಅಂಗಡಿಗಳಲ್ಲಿರುವ ಹಳೆಯ ಕಾಲದ ಚಾರ್ಜರನ್ನು ಹೀಗೆ ದಿನಗಟ್ಟಲೆ ಬಿಟ್ಟರೆ ಬ್ಯಾಟರಿಯ ನೀರೆಲ್ಲ ಕುದಿದು ಹೋದೀತು. ಫೆರಾರಿಯಂಥ ಗಾಡಿಗಳ ಜೊತೆ ಕಂಪನಿಯೇ ಇಂಥದೊಂದು ಚಾರ್ಜರ್ ಕೊಡುತ್ತದಂತೆ, ಕೋಟಿಗಟ್ಟಲೆ ಕೊಟ್ಟು ಕೊಂಡವರೂ ಓಡಿಸುವುದು ಅಷ್ಟರಲ್ಲೇ ಇದೆ ಎಂದು ಅವರಿಗೆ ಗೊತ್ತಿರಬೇಕು. ಪೋರ್ಷೆ 911ರ ಕೆಲವು ಮಾದರಿಗಳ ಫಜೀತಿ ಇನ್ನೂ ಸೊಗಸಾಗಿದೆ. ಬ್ಯಾಟರಿ ಇರುವುದು ಮುಂದಿನ ಮುಚ್ಚಳದ ಕೆಳಗೆ, ಆ ಮುಚ್ಚಳ ತೆರೆಯುವುದು ವಿದ್ಯುತ್ತಿನಿಂದ. ಬ್ಯಾಟರಿ ಸತ್ತರೆ ಬ್ಯಾಟರಿಯ ಹತ್ತಿರ ಹೋಗುವ ದಾರಿಯೇ ಬಂದ್! ಫ್ಯೂಸ್ ಪೆಟ್ಟಿಗೆಯೊಳಗೆ ಅಡಗಿಸಿಟ್ಟ ಒಂದು ಕೊಂಡಿಯನ್ನು ಎಳೆದು, ಬೇರೆ ಬ್ಯಾಟರಿಯಿಂದ ಕರೆಂಟು ಕೊಟ್ಟು ಮುಚ್ಚಳ ತೆಗೆಯಬೇಕು. ಇನ್ನು ವಿದ್ಯುತ್ ಕಾರು ಬಂದರೆ ಈ ತಾಪತ್ರಯವಿಲ್ಲ ಎಂದುಕೊಂಡಿದ್ದೀರಾ? ಅವುಗಳಲ್ಲೂ ದೊಡ್ಡ ಬ್ಯಾಟರಿಯ ಜೊತೆಗೆ ಒಂದು ಪುಟ್ಟ 12 ವೋಲ್ಟಿನದು ಇರುತ್ತದೆ. ಅದು ಸತ್ತರೆ ದೊಡ್ಡದು ತುಂಬಿದ್ದರೂ ಗಾಡಿ ಏಳುವುದಿಲ್ಲ. ಅಷ್ಟೇ ಏಕೆ, 2001ರಲ್ಲಿ ಇದೇ ಬೆಂಗಳೂರಿನಲ್ಲಿ ಹುಟ್ಟಿದ ರೇವಾ ಓಡುತ್ತಿದ್ದದ್ದೇ ಸೀಟಿನಡಿಯ ಎಂಟು ಸೀಸದ ಬ್ಯಾಟರಿಗಳ ಮೇಲೆ. ಚಾರ್ಜ್ ಮಾಡದೆ ತಿಂಗಳುಗಟ್ಟಲೆ ನಿಲ್ಲಿಸಿದರೆ ಅಂಥ ಬ್ಯಾಟರಿಗಳ ಗತಿಯೂ ಇದೇ.

ಸತ್ತ ಬ್ಯಾಟರಿಯ ವಿಷಯದಲ್ಲಿ ಅಕ್ಕ ಬಹಳ ಕಟ್ಟುನಿಟ್ಟು. ಹಳೇ ಸಾಮಾನಿನ ಗಾಡಿಯವನು ಅಂಗಡಿಗಿಂತ ನೂರು ರೂಪಾಯಿ ಹೆಚ್ಚು ಕೊಡುತ್ತೇನೆಂದರೂ ಕೊಡುವುದಿಲ್ಲ. ಎಲ್ಲೋ ಒಂದು ಶೆಡ್ಡಿನ ಹಿಂದೆ ಅದನ್ನು ಒಡೆದು, ಆಸಿಡ್ಡನ್ನು ಮಣ್ಣಿಗೆ ಚೆಲ್ಲಿ, ಸೀಸವನ್ನು ಬಾಣಲೆಯಲ್ಲಿ ಕರಗಿಸುತ್ತಾರೆ. ಆ ಹೊಗೆ ಮೊದಲು ಹೋಗುವುದು ಅಲ್ಲೇ ಆಡುವ ಮಕ್ಕಳ ಮೈಗೆ, ಅವರ ಬುದ್ಧಿಯ ಬೆಳವಣಿಗೆಯನ್ನೇ ಅದು ಕುಂಠಿಸುತ್ತದೆ. ಹಳೆಯದನ್ನು ಮಾರಿದವರೇ ವಾಪಸು ಪಡೆಯಬೇಕೆಂದು 2001ರಿಂದಲೇ ನಿಯಮವಿದೆ, 2022ರಲ್ಲಿ ಅದರ ಜಾಗಕ್ಕೆ ಹೊಸ ನಿಯಮ ಬಂದು ತಯಾರಕರ ಹೊಣೆಯನ್ನು ಇನ್ನೂ ಬಿಗಿ ಮಾಡಿದೆ. "ನಮ್ಮ ಕಾರು ಬದುಕಲಿ ಅಂತ ಯಾರದೋ ಮಗು ಸಾಯಬೇಕೇನೋ?" ಎನ್ನುತ್ತಾಳೆ ಅಕ್ಕ. ಹಳೆಯದನ್ನು ಕೊಟ್ಟಿದ್ದಕ್ಕೆ ಬಿಲ್ಲಿನಲ್ಲಿ ಕಳೆದಿದ್ದಾರೆಯೇ ಎಂದು ಎರಡು ಸಲ ನೋಡುತ್ತಾಳೆ.

2025ರ ಜನವರಿಯಲ್ಲಿ ಕಾರಿನ ಆರ್.ಸಿ. ಮತ್ತೆ ನವೀಕರಣಕ್ಕೆ ಬಂತು. ಹಿಂದಿನ ಸಲ ಆರು ನೂರು ರೂಪಾಯಿ ಇದ್ದ ಶುಲ್ಕ ಆಗ ಐದು ಸಾವಿರವಾಗಿತ್ತು. ಅಕ್ಕ ಮಾತಾಡದೆ ಕಟ್ಟಿದಳು. ಅದೇ ವರ್ಷ ಬೇಸಿಗೆಯಲ್ಲಿ ಸೋಮವಾರದ ಅಂಕಿಗಳು ಇಳಿಯತೊಡಗಿದವು. 12.5, 12.4, 12.3. ಬ್ಯಾಟರಿಗೆ ಐದು ವರ್ಷ ಹತ್ತಿರವಾಗಿತ್ತು, ಓಡುವ ಗಾಡಿಯ ಬ್ಯಾಟರಿಯೂ ಒಂದು ದಿನ ಮುದಿಯಾಗುವುದೇ. ಈ ಸಲ ಅದು ಕೈಕೊಡುವ ತನಕ ಕಾಯಲಿಲ್ಲ. ಅಕ್ಕನೇ ಕಾರನ್ನು ಓಡಿಸಿಕೊಂಡು ಮಾಗಡಿ ರಸ್ತೆಯ ಅಂಗಡಿಗೆ ಹೋದಳು. ಮಗನಿಗೂ ಫೋನ್ ಮಾಡಲಿಲ್ಲ, ನನ್ನನ್ನೂ ಕೇಳಲಿಲ್ಲ. ಪಕ್ಕದ ಸೀಟಿನಲ್ಲಿ ಸುಮ್ಮನೆ ಕೂರಲು ಮಾತ್ರ ಕರೆದಿದ್ದಳು.

ಮೈನಸ್ ಬಿಚ್ಚಿ, ಪ್ಲಸ್ ಬಿಚ್ಚಿ, ಹೊಸದನ್ನು ಕೂರಿಸಿ, ಪ್ಲಸ್ ಹಾಕಿ, ಮೈನಸ್ ಹಾಕಿದ ಮೇಲೆ ಅಂಗಡಿಯವರು ಕನ್ನಡಕ ಏರಿಸಿಕೊಂಡು ವಾರಂಟಿ ಕಾರ್ಡು ಬರೆಯಲು ಕೂತರು. ಅವರ ಹಳೆಯ ಪುಸ್ತಕದಲ್ಲಿ ಈ ಗಾಡಿಯ ನಂಬರಿನ ಎದುರು ಮೊದಲಿನಿಂದಲೂ ಭಾವನ ಹೆಸರೇ ಇತ್ತು. 2012ರ ಕಾರ್ಡಿನಲ್ಲಿ, 2015ರ ಕಾರ್ಡಿನಲ್ಲಿ, 2020ರ ಕಾರ್ಡಿನಲ್ಲಿ ಅದನ್ನೇ ನೋಡಿ ಬರೆದಿದ್ದರು, ಅಕ್ಕನೂ ತಿದ್ದಿರಲಿಲ್ಲ. ಅಂದೂ ಅದನ್ನೇ ಬರೆಯಲು ಪೆನ್ನು ಊರಿದರು.

"ತಡೀರಿ" ಎಂದಳು ಅಕ್ಕ. "ಈ ಸಲ ನನ್ನ ಹೆಸರು ಬರೀರಿ. ಓಡಿಸೋಳು ನಾನು."